ಕೊಳಚೆ ನೀರಿಗೊಂದು ಲೆಕ್ಕ ಬೇಡ್ವಾ ಸ್ವಾಮಿ?

ಮೊದಲೇ ಹೇಳಿಬಿಡ್ತೀನಿ, ಇದು ಸ್ವಲ್ಪ ವಾಸನೆ ಬರೋ ಪೋಸ್ಟು. ಊಟ ಮಾಡ್ತಾ ಓದ್ತಿದ್ರೆ ತಟ್ಟೆ ಖಾಲಿ ಮಾಡಿ ಆಮೇಲೆ ಬನ್ನಿ :)

ಬೆಳ್ಳಂದೂರು ಕೆರೆ ಬಗ್ಗೆ ನಮ್ಮ ಕನ್ನಡ ಬ್ಲಾಗಿಗರು ಬರೆದಿರೋದನ್ನೆಲ್ಲಾ ಒಟ್ಟು ಹಾಕಿದ್ರೆ ಅದರಿಂದಲೇ ಇನ್ನೊಂದು ಕೆರೆ ತುಂಬಬಹುದು. 2015ರ ಮೇ ತಿಂಗಳಲ್ಲಿ ನೊರೆಗೆ ಬೆಂಕಿ ಬಿತ್ತು, ಬರೆದ್ವಿ. 2017ರ ಫೆಬ್ರವರಿಯಲ್ಲಿ ಮತ್ತೆ ಬಿತ್ತು, ಮತ್ತೆ ಬರೆದ್ವಿ. 2018ರ ಜನವರಿಯಲ್ಲಿ ಕೆರೆಯಂಗಳಕ್ಕೆ ಬೆಂಕಿ ಬಿದ್ದು ಸೈನಿಕರು ಬಂದು ಆರಿಸಬೇಕಾಯ್ತು, ಆಗಲೂ ಬರೆದ್ವಿ. ಕವನ ಬಂತು, ಲಲಿತ ಪ್ರಬಂಧ ಬಂತು, ಕೆಂಪೇಗೌಡರ ಆತ್ಮ ಕಣ್ಣೀರು ಹಾಕಿತು, ನೊರೆಯ ಫೋಟೋಗೆ "ಬೆಂಗಳೂರಲ್ಲಿ ಹಿಮಪಾತ" ಅಂತ ಕ್ಯಾಪ್ಶನ್ ಬಂತು. ಎಲ್ಲಾ ಸರಿ. ಆದ್ರೆ ಒಂದೇ ಒಂದು ಪೋಸ್ಟಿನಲ್ಲಾದ್ರೂ "ಆ ನೀರಲ್ಲಿ ಸಾರಜನಕ ಎಷ್ಟಿದೆ, ರಂಜಕ ಎಷ್ಟಿದೆ, ಅದು ಯಾಕೆ ಎಸ್‌ಟಿಪಿಯಲ್ಲೇ ನಿಲ್ಲಲಿಲ್ಲ" ಅನ್ನೋ ಪ್ರಶ್ನೆ ನೋಡಿದ ನೆನಪು ನನಗಿಲ್ಲ. ಹೇಳಿ ಕೇಳಿ ನಮ್ಮಲ್ಲಿ ಅರ್ಧಕ್ಕರ್ಧ ಜನ ಇಂಜಿನಿಯರುಗಳು. ಲೆಕ್ಕ ಹಾಕೋದೇ ನಮ್ಮ ಹೊಟ್ಟೆಪಾಡು. ಆದ್ರೂ ಕೆರೆ ಅಂದ ತಕ್ಷಣ ನಮಗೆ ಕಣ್ಣೀರು ಬರುತ್ತೆ, ಲೆಕ್ಕ ಬರಲ್ಲ.

ನನ್ನ ವಾದ ಇಷ್ಟೇ. ನಮ್ಮೂರಿನ ಕೊಳಚೆ ನೀರಿನ ಸಮಸ್ಯೆಗೆ ಕಾಂಕ್ರೀಟು, ಬ್ಲೋವರು, ಪೈಪು ಎಷ್ಟು ಬೇಕೋ, ಅಷ್ಟೇ ಮುಖ್ಯವಾಗಿ ಒಂದು ಕಂಪ್ಯೂಟರ್ ಮಾಡೆಲ್ಲು ಬೇಕು. ಅದು ಇಲ್ಲದೆ ಕಟ್ಟೋ ಪ್ರತಿ ಎಸ್‌ಟಿಪಿಯೂ ಕುರುಡು ಖರ್ಚು. ಈ ಮಾತು ಕೇಳಿದ ತಕ್ಷಣ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅನ್ನೋರಿದ್ದಾರೆ. ಅವರಿಗೆ ಉತ್ತರ ಕೊಡೋಕೇ ಈ ಪೋಸ್ಟು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನೊರೆಗೆ ಮುಖ್ಯ ಕಾರಣ ಸೋಪು, ಡಿಟರ್ಜೆಂಟಿನಲ್ಲಿರೋ ಸರ್ಫ್ಯಾಕ್ಟೆಂಟುಗಳು. ಶುದ್ಧ ಮಾಡದೆ ರಾಜಕಾಲುವೆಗೆ ಬಿಟ್ಟ ನೀರಿನ ಜೊತೆ ಅವು ಬರುತ್ವೆ. ಆದ್ರೆ ಕೆರೆ ಪೂರ್ತಿ ಹಸಿರು ಚಾಪೆ ಹಾಸಿದ ಹಾಗೆ ಅಂತರಗಂಗೆ, ಜೊಂಡು ಬೆಳೆಯುತ್ತಲ್ಲ, ಅದು ಸಾರಜನಕ ಮತ್ತು ರಂಜಕದ ಕೆಲಸ. ಗದ್ದೆಗೆ ಯೂರಿಯಾ, ಡಿಎಪಿ ಹಾಕಿದ ಹಾಗೆ ನಾವು ಕೆರೆಗೆ ದಿನಾ ಗೊಬ್ಬರ ಹಾಕ್ತಿದ್ದೀವಿ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 10-12 ಗ್ರಾಂ ಸಾರಜನಕ, ಒಂದೆರಡು ಗ್ರಾಂ ರಂಜಕ ಹೊರಗೆ ಹಾಕ್ತಾನೆ. ಸಾರಜನಕದ ಬಹುಪಾಲು ಬರೋದು ಮೂತ್ರದಿಂದ. ಕೋಟಿ ಜನ ಇರೋ ಊರು ಅಂದ್ರೆ ದಿನಕ್ಕೆ ನೂರು ಟನ್ನಿನಷ್ಟು ಸಾರಜನಕ. ನೂರು ಕಿಲೋಮೀಟರ್ ದೂರದಿಂದ, ಬೆಟ್ಟ ಹತ್ತಿಸಿ ಕಾವೇರಿ ತರ್ತೀವಿ. 2024ರಲ್ಲಿ ಐದನೇ ಹಂತವೂ ಶುರುವಾಯ್ತು. ಬಂದ ನೀರಿನ ಬಹುಪಾಲು ಕೊಳಚೆಯಾಗಿ ಇನ್ನೊಂದು ಕಡೆ ಇಳೀಬೇಕು ಅಲ್ವಾ? ಆ ನೂರು ಟನ್ ಎಲ್ಲಿಗೆ ಹೋಗುತ್ತೆ? ಇದೇ ಮಾಸ್ ಬ್ಯಾಲೆನ್ಸು. ಹೈಸ್ಕೂಲಲ್ಲಿ ಕಲಿತ ದ್ರವ್ಯ ಸಂರಕ್ಷಣೆ ನಿಯಮ.

ಇನ್ನು ಎಸ್‌ಟಿಪಿ ಒಳಗೆ ಏನಾಗುತ್ತೆ ಅಂತ ನೋಡೋಣ. ದೋಸೆ ಹಿಟ್ಟು, ಮೊಸರು ಗೊತ್ತಿರೋರಿಗೆ ಇದು ಕಷ್ಟ ಅಲ್ಲ. ನಿನ್ನೆಯ ಮೊಸರಲ್ಲಿ ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಅದೇ ತಂತ್ರ. ಕೊಳಚೆ ನೀರಿಗೆ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸೋದು, ತಳಕ್ಕಿಳಿದ ಕೆಸರಲ್ಲಿ ಬಹುಪಾಲನ್ನ ವಾಪಸ್ ಮೊದಲ ತೊಟ್ಟಿಗೆ ಹೆಪ್ಪು ಹಾಕೋದು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಅನ್ನೋ ಇಬ್ಬರು ಇದನ್ನ ಕಂಡುಹಿಡಿದರು. ತಮಾಷೆ ಅಂದ್ರೆ ಅವರು ಮೊದಲು ಮಾಡಿದ್ದು ಒಂದೇ ತೊಟ್ಟಿಗೆ ತುಂಬಿಸಿ, ಗಾಳಿ ಕೊಟ್ಟು, ಕೆಸರು ಇಳಿಯಲು ಬಿಟ್ಟು, ಮೇಲಿನ ನೀರು ತೆಗೆಯೋ ವಿಧಾನ. ಈಗ ನಮಗೆ "ಲೇಟೆಸ್ಟ್ ಟೆಕ್ನಾಲಜಿ ಸಾರ್" ಅಂತ ಮಾರೋ ಎಸ್‌ಬಿಆರ್‌ನ ಮುತ್ತಜ್ಜ ಅದೇ!

ಗಾಳಿ ಊದಿದ್ರೆ ಬಿಓಡಿ ಹೋಗುತ್ತೆ. ಸಾರಜನಕ ಅಷ್ಟು ಸುಲಭಕ್ಕೆ ಹೋಗಲ್ಲ. ಅದಕ್ಕೆ ಎರಡು ಮೆಟ್ಟಿಲು. ಮೊದಲನೆಯದರಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನ ನೈಟ್ರೇಟ್ ಮಾಡ್ತವೆ. ಇದಕ್ಕೆ ಆಮ್ಲಜನಕ ಬೇಕು, ಒಂದು ಗ್ರಾಂ ಸಾರಜನಕಕ್ಕೆ 4.57 ಗ್ರಾಂ. ಎರಡನೆಯದರಲ್ಲಿ ಇನ್ನೊಂದು ಗುಂಪು ಆ ನೈಟ್ರೇಟನ್ನ ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡ್ತವೆ. ಇದಕ್ಕೆ ಆಮ್ಲಜನಕ ಇರಲೇಬಾರದು, ಜೊತೆಗೆ ತಿನ್ನೋಕೆ ಇಂಗಾಲ ಬೇಕು. ಅಂದ್ರೆ ಮೊದಲನೆಯವರಿಗೆ ಊಟ ಆದದ್ದು ಎರಡನೆಯವರಿಗೆ ವಿಷ. ಸರಿ, ತೊಟ್ಟಿಯನ್ನ ಎರಡು ಭಾಗ ಮಾಡಿ, ಮುಂದೆ ಗಾಳಿ ಇಲ್ಲದ ಭಾಗ, ಹಿಂದೆ ಗಾಳಿ ಇರೋ ಭಾಗ, ಹಿಂದಿನಿಂದ ಮುಂದಕ್ಕೆ ನೈಟ್ರೇಟ್ ನೀರನ್ನ ಪಂಪಿನಲ್ಲಿ ವಾಪಸ್ ತರೋದು.

ರಂಜಕದ್ದು ಇನ್ನೂ ವಿಚಿತ್ರ. ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕವೂ ಇಲ್ಲ, ನೈಟ್ರೇಟೂ ಇಲ್ಲ ಅನ್ನೋ ಜಾಗದಲ್ಲಿ ತಮ್ಮೊಳಗಿನ ರಂಜಕ ಬಿಟ್ಟುಕೊಟ್ಟು ಆಹಾರ ತುಂಬಿಕೊಳ್ತವೆ. ಬರಗಾಲಕ್ಕೆ ಕಣಜ ತುಂಬಿಸಿಟ್ಟುಕೊಂಡ ಹಾಗೆ. ಆಮೇಲೆ ಗಾಳಿ ಸಿಕ್ಕಾಗ, ಬಿಟ್ಟದ್ದಕ್ಕಿಂತ ಹೆಚ್ಚು ರಂಜಕ ಹೀರಿಕೊಳ್ತವೆ. ಆ ಕೆಸರನ್ನ ಹೊರಗೆ ತೆಗೆದ್ರೆ ರಂಜಕವೂ ಹೋಯ್ತು. ಆದ್ರೆ ವಾಪಸ್ ಬರೋ ಕೆಸರಿನ ಜೊತೆ ನೈಟ್ರೇಟ್ ನುಸುಳಿದ್ರೆ ಈ ಆಟ ಕೆಡುತ್ತೆ. ಸಾರಜನಕ ತೆಗೆಯೋ ಗುಂಪಿಗೂ ರಂಜಕ ತೆಗೆಯೋ ಗುಂಪಿಗೂ ಬೇಕಾಗಿರೋದು ಅದೇ ಇಂಗಾಲ. ಒಂದೇ ಎಲೆಯಲ್ಲಿ ಇಬ್ಬರಿಗೆ ಊಟ.

ಈಗ ಹೇಳಿ, ಇದನ್ನ ಮನಸ್ಸಲ್ಲೇ ಲೆಕ್ಕ ಹಾಕಬಹುದಾ? ಒಂದು ಸುಲಭದ ಲೆಕ್ಕ ಕೊಡ್ತೀನಿ. ನೀರಲ್ಲಿ ಲೀಟರಿಗೆ 40 ಮಿ.ಗ್ರಾಂ ಸಾರಜನಕ ನೈಟ್ರೇಟ್ ಆಗುತ್ತೆ ಅಂದುಕೊಳ್ಳಿ. ಒಳಬರೋ ನೀರಿನಷ್ಟೇ ನೀರನ್ನ ವಾಪಸ್ ತಿರುಗಿಸಿದ್ರೆ, ಎಲ್ಲಾ ಸರಿಯಾಗಿ ನಡೆದ್ರೂ ಹೊರಗೆ ಹೋಗೋದು 20. ಮೂರು ಪಟ್ಟು ತಿರುಗಿಸಿದ್ರೆ 10. ನಾಲ್ಕು ಪಟ್ಟಿಗೆ 8. ಒಂಬತ್ತು ಪಟ್ಟು ತಿರುಗಿಸಿದ್ರೂ 4. ಸೂತ್ರ ಸರಳ, 40ನ್ನ "ಒಂದು ಕೂಡಿಸು ಪಟ್ಟು"ನಿಂದ ಭಾಗಿಸಿ. ಹೆಚ್ಚು ತಿರುಗಿಸಿದಷ್ಟೂ ಲಾಭ ಕಡಿಮೆಯಾಗ್ತಾ ಹೋಗುತ್ತೆ, ಕರೆಂಟ್ ಬಿಲ್ ಮಾತ್ರ ಏರ್ತಾ ಹೋಗುತ್ತೆ. ಇಷ್ಟರವರೆಗೆ ಕ್ಯಾಲ್ಕುಲೇಟರ್ ಸಾಕು. ಆದ್ರೆ ವಾಪಸ್ ಬರೋ ನೀರು ತನ್ನ ಜೊತೆ ಆಮ್ಲಜನಕವನ್ನೂ ತರುತ್ತೆ, ಮುಂದಿನ ತೊಟ್ಟಿಯ ಇಂಗಾಲ ಅದಕ್ಕೇ ಖರ್ಚಾಗುತ್ತೆ. ಬೆಳಿಗ್ಗೆ ಎಂಟಕ್ಕೆ ಊರೆಲ್ಲಾ ಸ್ನಾನ ಮಾಡೋವಾಗ ಬರೋ ನೀರು ಬೇರೆ, ಮಧ್ಯರಾತ್ರಿಯದು ಬೇರೆ. ಮಳೆ ಬಂದ ದಿನದ್ದು ಇನ್ನೊಂದೇ. ಇಷ್ಟೆಲ್ಲಾ ಒಂದರ ಕಾಲು ಇನ್ನೊಂದಕ್ಕೆ ಕಟ್ಟಿರೋವಾಗ ಕ್ಯಾಲ್ಕುಲೇಟರ್ ಕೈ ಎತ್ತುತ್ತೆ. ಮಾಡೆಲ್ ಬೇಕಾಗೋದು ಇಲ್ಲಿ.

ಆ ಮಾಡೆಲ್ ಹೊಸದೇನಲ್ಲ, ನನಗಿಂತ ವಯಸ್ಸಾದದ್ದು. 1983ರಲ್ಲಿ ಅಂತಾರಾಷ್ಟ್ರೀಯ ಜಲಮಾಲಿನ್ಯ ಸಂಘಟನೆಯೊಂದು ಐವರ ತಂಡ ಮಾಡಿತು. ಡೆನ್ಮಾರ್ಕಿನ ಹೆನ್ಜೆ, ಅಮೆರಿಕದ ಗ್ರೇಡಿ, ಸ್ವಿಟ್ಜರ್ಲೆಂಡಿನ ಗುಯರ್, ದಕ್ಷಿಣ ಆಫ್ರಿಕಾದ ಮರೇ, ಜಪಾನಿನ ಮತ್ಸುವೊ. 1987ರಲ್ಲಿ ಅವರು ಕೊಟ್ಟದ್ದೇ ಎಎಸ್‌ಎಂ1. 13 ಘಟಕಗಳು, 8 ಪ್ರಕ್ರಿಯೆಗಳು, ಅಷ್ಟೇ! ಒಂದು ಕೋಷ್ಟಕ. ಸಾಲಿನಲ್ಲಿ ಪ್ರಕ್ರಿಯೆ, ಕಂಬದಲ್ಲಿ ಘಟಕ. ಪ್ರತಿ ಸಾಲಿನಲ್ಲೂ ಸಿಓಡಿ ಲೆಕ್ಕ, ಸಾರಜನಕದ ಲೆಕ್ಕ ಕೂಡಿಸಿದ್ರೆ ಸೊನ್ನೆ ಬರಬೇಕು. ನಮ್ಮ ಭಾಷೇಲಿ ಹೇಳಬೇಕು ಅಂದ್ರೆ ಯೂನಿಟ್ ಟೆಸ್ಟ್ ಸಮೇತ ಬಂದ ಕೋಡ್. ಆಮೇಲೆ ರಂಜಕವನ್ನೂ ಸೇರಿಸಿ 1995ರಲ್ಲಿ ಎಎಸ್‌ಎಂ2, 1999ರಲ್ಲಿ ಎಎಸ್‌ಎಂ2ಡಿ ಬಂದ್ವು. ಈ ಲೆಕ್ಕ ಓಡಿಸೋಕೆ ಸೂಪರ್ ಕಂಪ್ಯೂಟರ್ ಬೇಡ. ನೂರಕ್ಕೂ ಹೆಚ್ಚು ಡಿಫರೆನ್ಷಿಯಲ್ ಇಕ್ವೇಶನ್ನುಗಳನ್ನ ನಿಮ್ಮ ಮನೆ ಲ್ಯಾಪ್‌ಟಾಪು ಕಾಫಿ ಆರೋದ್ರೊಳಗೆ ಬಿಡಿಸುತ್ತೆ.

ಮಾಡೆಲ್ ಓಡಿಸಿದ್ರೆ ಏನು ಗೊತ್ತಾಗುತ್ತೆ? ಒಂದು ಉದಾಹರಣೆ. ನೀರಲ್ಲಿ ಕರಗಿದ ಆಮ್ಲಜನಕ ಎಷ್ಟಿದ್ರೆ ಸಾಕು? ಎಎಸ್‌ಎಂ1ರ ಡೀಫಾಲ್ಟ್ ಅಂಕಿಗಳ ಪ್ರಕಾರ, 2 ಮಿ.ಗ್ರಾಂ ಇದ್ರೆ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ತನ್ನ ಪೂರ್ಣ ವೇಗದ ಶೇಕಡಾ 83ರಲ್ಲಿ ಕೆಲಸ ಮಾಡುತ್ತೆ. ಅದನ್ನ 4ಕ್ಕೆ ಏರಿಸಿದ್ರೆ ಶೇಕಡಾ 91. ಸಿಕ್ಕ ಲಾಭ ಇಷ್ಟು. ಖರ್ಚು? ಬೆಂಗಳೂರಿನ ಎತ್ತರದಲ್ಲಿ 25 ಡಿಗ್ರಿ ನೀರಲ್ಲಿ ಆಮ್ಲಜನಕ ಕರಗೋ ಮಿತಿಯೇ ಸುಮಾರು ಏಳೂವರೆ. ಮಿತಿಗೆ ಹತ್ತಿರ ಹೋದಷ್ಟೂ ಕರಗಿಸೋದು ಕಷ್ಟ. 2ರ ಬದಲು 4 ಇಟ್ಟುಕೊಳ್ಳೋಕೆ, ಅಷ್ಟೇ ಆಮ್ಲಜನಕ ಕರಗಿಸೋಕೆ, ಒಂದೂವರೆ ಪಟ್ಟಿಗಿಂತ ಹೆಚ್ಚು ಗಾಳಿ ಊದಬೇಕು. ಎಸ್‌ಟಿಪಿಯ ಕರೆಂಟಿನಲ್ಲಿ ಅರ್ಧ ಅಥವಾ ಇನ್ನೂ ಹೆಚ್ಚು ಹೋಗೋದು ಈ ಗಾಳಿಗೇ. ಮೇಲಾಗಿ ಆ ಹೆಚ್ಚುವರಿ ಆಮ್ಲಜನಕ ವಾಪಸ್ ಹೋಗಿ ನೈಟ್ರೇಟ್ ತೆಗೆಯೋ ಕೆಲಸವನ್ನೂ ಕೆಡಿಸುತ್ತೆ. ದುಡ್ಡು ಕೊಟ್ಟು ಕೆಲಸ ಕೆಡಿಸಿಕೊಳ್ಳೋದು ಅಂದ್ರೆ ಇದೇ.

ಇನ್ನೊಂದು ವಿಷಯ ಹೇಳ್ಲೇಬೇಕು. ಸಾರಜನಕ ತೆಗೆಯೋದು ಬರೀ ಖರ್ಚು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅಮೋನಿಯಾಗೆ 4.57 ಗ್ರಾಂ ಆಮ್ಲಜನಕ ಕೊಟ್ಟಿದ್ವಲ್ಲ, ಅದೇ ನೈಟ್ರೇಟನ್ನ ಎರಡನೇ ಮೆಟ್ಟಿಲಲ್ಲಿ ಉಪಯೋಗಿಸಿದ್ರೆ 2.86 ಗ್ರಾಂ ಆಮ್ಲಜನಕದಷ್ಟು ಕೆಲಸ ವಾಪಸ್ ಸಿಗುತ್ತೆ. ಅಂದ್ರೆ ಕೊಟ್ಟ ಸಾಲದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ವಸೂಲಿ! ಎರಡನೇ ಮೆಟ್ಟಿಲು ಇಲ್ಲದ ಎಸ್‌ಟಿಪಿಯಲ್ಲಿ, ನಮ್ಮಂಥ ಬೆಚ್ಚಗಿನ ಊರಲ್ಲಿ, ಅಮೋನಿಯಾ ಹೇಗೂ ನೈಟ್ರೇಟ್ ಆಗೇ ಆಗುತ್ತೆ. ಆಮ್ಲಜನಕದ ದುಡ್ಡು ಆಗಲೇ ಕೊಟ್ಟಾಗಿರುತ್ತೆ, ವಸೂಲಿ ಮಾತ್ರ ಇಲ್ಲ. ಕೆಲವು ಸಲ ಆ ನೈಟ್ರೇಟ್ ಕೊನೆಯ ತೊಟ್ಟಿಯ ತಳದಲ್ಲಿ ಅನಿಲವಾಗಿ, ಇಳಿದ ಕೆಸರನ್ನ ಹೆಂಟೆ ಹೆಂಟೆಯಾಗಿ ಮೇಲಕ್ಕೆ ತೇಲಿಸುತ್ತೆ. ಆಗ ಆಪರೇಟರ್ ಏನ್ಮಾಡ್ತಾನೆ? "ಕೆಸರು ಕೊಳೀತಿದೆ" ಅಂತ ಇನ್ನಷ್ಟು ಗಾಳಿ ಬಿಡ್ತಾನೆ. ಇನ್ನಷ್ಟು ನೈಟ್ರೇಟ್!

ನಾನಿರೋ ಅಪಾರ್ಟ್‌ಮೆಂಟಿನಲ್ಲಿ ಇಂಥದ್ದೇ ನಾಟಕ ನಡೀತು. ನಿರ್ವಹಣೆ ಮಾಡೋ ಕಂಪನಿಯವರು (ಹೆಸರು ಬೇಡ ಬಿಡಿ) ಅಸೋಸಿಯೇಶನ್ ಮೀಟಿಂಗಿಗೆ ಬಂದು "ಇನ್ನೊಂದು ಬ್ಲೋವರ್ ಹಾಕಿಸಿ ಸಾರ್, ಸರಿ ಹೋಗುತ್ತೆ" ಅಂದರು. ಓದಿದ್ದು ಸಿವಿಲ್ಲು, ಮಾಡ್ತಿರೋದು ಸಾಫ್ಟ್‌ವೇರು, ಎರಡೂ ಸೇರಿ ಬಾಯಿ ಸುಮ್ಮನಿರಲಿಲ್ಲ. "ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಮೋನಿಯಾ ಎಷ್ಟೆಷ್ಟಿದೆ, ನೈಟ್ರೇಟ್ ಎಷ್ಟಿದೆ" ಅಂತ ಕೇಳಿದೆ. ತಿಂಗಳಿಗೊಂದು ರಿಪೋರ್ಟ್ ತೋರಿಸಿದರು. ಅದರಲ್ಲಿ ನೈಟ್ರೇಟಿನ ಕಾಲಮ್ಮೇ ಇಲ್ಲ! ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಏನಪ್ಪಾ, ಕಕ್ಕಸಿನ ನೀರಿಗೂ ಅಲ್ಗಾರಿದಮ್ಮಾ" ಅಂದರು, ಸಭೆಯೆಲ್ಲಾ ನಕ್ಕಿತು, ಬ್ಲೋವರ್ ಪಾಸಾಯ್ತು. ಆ ನಗು ಇದೆಯಲ್ಲ, ಅದೇ ಸಮಸ್ಯೆ. ನಮ್ಮ ಸಭೆಯಲ್ಲಿ ಕಾರಿನ ಬ್ರೇಕಿಗೆ ಸಿಮ್ಯುಲೇಶನ್ ಮಾಡೋರಿದ್ದರು, ವಿಮಾನದ ರೆಕ್ಕೆಗೆ ಮಾಡೋರಿದ್ದರು. ತಾವೇ ಫ್ಲಶ್ ಮಾಡಿದ ನೀರಿಗೆ ಮಾಡಬೇಕು ಅಂದ್ರೆ ನಗು.

ಈಗ ವಿರೋಧಿಗಳ ಮಾತಿಗೆ ಬರೋಣ.

ಮೊದಲನೇ ಮಾತು, "ನಮ್ಮ ದೇಶದ ಕೊಳಚೆ ಬೇರೆ, ವಿದೇಶಿ ಮಾಡೆಲ್ ಇಲ್ಲಿಗೆ ಆಗಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀರು ಬೇರೆ ಅನ್ನೋದು ನಿಜ, ಅದಕ್ಕೇ ಅಳೀಬೇಕು! ಬ್ಯಾಕ್ಟೀರಿಯಾಗೆ ಪಾಸ್‌ಪೋರ್ಟ್ ಇಲ್ಲ. ತಾಪಮಾನ ಬದಲಾದ್ರೆ ವೇಗ ಬದಲಾಗುತ್ತೆ, ಅದನ್ನ ಮಾಡೆಲ್ಲಿನಲ್ಲಿ ಹಾಕೋಕೆ ಬರುತ್ತೆ. ಬೇರೆಯಾಗೋದು ಮುಖ್ಯವಾಗಿ ನೀರಿನ ಇಂಗಾಲದಲ್ಲಿ ಎಷ್ಟು ಸುಲಭಕ್ಕೆ ಜೀರ್ಣವಾಗೋದು, ಎಷ್ಟು ಆಗಲ್ಲ ಅನ್ನೋ ಪಾಲು. ಒಂದೆರಡು ವಾರ ಹಗಲು ರಾತ್ರಿ ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ನೋಡಿದ್ರೆ ಗೊತ್ತಾಗುತ್ತೆ. "ನಮ್ಮದು ಬೇರೆ" ಅನ್ನೋರು ಆ ಬೇರೆ ಎಷ್ಟು ಅಂತ ಮಾತ್ರ ಯಾವತ್ತೂ ಅಳೆದಿರಲ್ಲ. ಇನ್ನು "ವಿದೇಶಿ" ಅನ್ನೋದಕ್ಕೆ, ಈ ವಿಜ್ಞಾನದ ದೊಡ್ಡ ಪಾಲು ಬಂದಿದ್ದು ದಕ್ಷಿಣ ಆಫ್ರಿಕಾದಿಂದ. ಜೊಹಾನ್ಸ್‌ಬರ್ಗ್ ಕೂಡ ನಮ್ಮ ಬೆಂಗಳೂರಿನ ಹಾಗೆ ದೊಡ್ಡ ನದಿ ಇಲ್ಲದ, ಎತ್ತರದ ದಿಣ್ಣೆ ಮೇಲಿನ ಊರು. ಅವರ ಕೊಳಚೆಯೂ ಕೆಳಗಿನ ಹಾರ್ಟ್‌ಬೀಸ್‌ಪೋರ್ಟ್ ಜಲಾಶಯಕ್ಕಿಳಿದು ಅಲ್ಲೂ ಅಂತರಗಂಗೆ, ಪಾಚಿ. ಆ ಒತ್ತಡದಲ್ಲೇ 1970ರ ದಶಕದಲ್ಲಿ ಜೇಮ್ಸ್ ಬರ್ನಾರ್ಡ್ ಅಲ್ಲಿ ಸಾರಜನಕ, ರಂಜಕ ಎರಡನ್ನೂ ಬ್ಯಾಕ್ಟೀರಿಯಾ ಕೈಲೇ ತೆಗೆಸೋ ವಿನ್ಯಾಸ ಮಾಡಿದ್ದು, ಕೇಪ್‌ಟೌನಿನಲ್ಲಿ ಮರೇ ಅವರ ಗುಂಪು ಅದಕ್ಕೆ ಗಣಿತ ಕೊಟ್ಟಿದ್ದು.

ಪ್ರಾಮಾಣಿಕವಾಗಿ ಇನ್ನೊಂದು ಮಾತೂ ಹೇಳಬೇಕು. ಅದೇ ಹಾರ್ಟ್‌ಬೀಸ್‌ಪೋರ್ಟ್ ಜಲಾಶಯದ ಮೇಲೆ ಅಂತರಗಂಗೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಗಣಿತ ಹುಟ್ಟಿದ ಊರಲ್ಲೇ ಹೀಗೆ! ಯಾಕಂದ್ರೆ ಸೋರೋ ಒಳಚರಂಡಿ, ಕೆಟ್ಟು ನಿಂತ ಪಂಪನ್ನ ಯಾವ ಸಮೀಕರಣವೂ ರಿಪೇರಿ ಮಾಡಲ್ಲ. ಮಾಡೆಲ್ ಅನ್ನೋದು ಮಂತ್ರದಂಡ ಅಲ್ಲ, ಕನ್ನಡಿ. ಮುಖ ತೊಳಿಯೋ ಕೆಲಸ ನಮ್ಮದೇ.

ಎರಡನೇ ಮಾತು, "ಅರ್ಧ ನೀರು ಎಸ್‌ಟಿಪಿಗೇ ಬರ್ತಿಲ್ಲ. ಮೊದಲು ಪೈಪ್ ಹಾಕಿ, ಆಮೇಲೆ ನಿಮ್ಮ ರಂಜಕ." ಇದರಲ್ಲಿ ತೂಕ ಇದೆ, ಒಪ್ತೀನಿ. ಆದ್ರೆ ಆ ಪೈಪು ಹಾಕಿದ ಮೇಲೆ ನೀರು ಎಲ್ಲಿಗೆ ಬರುತ್ತೆ? ಅದೇ ಎಸ್‌ಟಿಪಿಗೆ. ಸಾರಜನಕ ತೆಗೆಯದ ಎಸ್‌ಟಿಪಿಗೆ ಹೆಚ್ಚು ನೀರು ತಂದ್ರೆ ಬಿಓಡಿ ಕಡಿಮೆಯಾಗುತ್ತೆ, ನೊರೆಯೂ ಕಡಿಮೆಯಾಗಬಹುದು, ಅಂತರಗಂಗೆಗೆ ಗೊಬ್ಬರ ಮಾತ್ರ ಬಹುಪಾಲು ಹಾಗೇ ಇರುತ್ತೆ. ಒಮ್ಮೆ ಕಟ್ಟಿದ ತೊಟ್ಟಿ ಮೂವತ್ತು ವರ್ಷ ಅಲ್ಲೇ ಇರುತ್ತೆ. ಕಟ್ಟೋಕೆ ಮುಂಚೆ ಗೋಡೆಯನ್ನ ಎಲ್ಲಿ ಹಾಕಬೇಕು ಅಂತ ಸ್ಕ್ರೀನಿನ ಮೇಲೆ ಎಳೆದು ನೋಡೋದು ಪುಕ್ಕಟೆ. ಕಟ್ಟಿದ ಮೇಲೆ ಒಡೆದು ನೋಡೋದು ಕೋಟಿಗಟ್ಟಲೆ. ಇರೋ ಎಸ್‌ಟಿಪಿಗಳಲ್ಲೂ ಎಷ್ಟೋ ಕಡೆ ಮುಂದಿನ ಭಾಗದ ಗಾಳಿ ನಿಲ್ಲಿಸಿ, ಒಂದು ಕಲಕೋ ಯಂತ್ರ, ಒಂದು ವಾಪಸಾತಿ ಪಂಪು ಹಾಕಿದ್ರೆ ಸಾರಜನಕ ಇಳಿಸೋಕೆ ಸಾಧ್ಯ. ಎಸ್‌ಬಿಆರ್ ಆದ್ರೆ ಬರೀ ಟೈಮಿಂಗ್ ಬದಲಿಸಿದ್ರೂ ಬಹಳಷ್ಟು ಬದಲಾಗುತ್ತೆ. ಎಲ್ಲಿ, ಎಷ್ಟು, ಯಾವಾಗ ಅನ್ನೋದನ್ನ ಮಾಡೆಲ್ ಹೇಳುತ್ತೆ. ಅದು ಗೊತ್ತಿಲ್ಲದೆ ಕಮಿಶನಿಂಗ್ ದಿನ ಹಾಕಿದ ಟೈಮಿಂಗನ್ನೇ ದೇವರ ವಾಕ್ಯ ಅಂತ ವರ್ಷಾನುಗಟ್ಟಲೆ ಓಡಿಸ್ತೀವಿ.

ಮೂರನೇ ಮಾತು, "ಕಾನೂನೇ ಕೇಳ್ತಿಲ್ಲ." ಈ ಕಥೆ ಸ್ವಲ್ಪ ನೋಡಿ. 2015ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕರಡು ತಂದಾಗ ಒಟ್ಟು ಸಾರಜನಕ ಲೀಟರಿಗೆ 10 ಮಿ.ಗ್ರಾಂ ಅಂತಿತ್ತು. 2017ರ ಅಕ್ಟೋಬರಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಸಾರಜನಕ ಮಾಯ! ರಂಜಕವೂ ಇಲ್ಲ. ಬಿಓಡಿಯನ್ನೂ 10ರಿಂದ ಮಹಾನಗರಗಳಿಗೆ 20ಕ್ಕೆ, ಉಳಿದೆಡೆ 30ಕ್ಕೆ ಸಡಿಲಿಸಿದ್ದರು. 2019ರ ಏಪ್ರಿಲಿನಲ್ಲಿ ಹಸಿರು ನ್ಯಾಯಮಂಡಳಿ ಇದನ್ನ ಒಪ್ಪದೆ ಬಿಓಡಿ 10, ಒಟ್ಟು ಸಾರಜನಕ 10, ಕೆರೆ ಕುಂಟೆಗೆ ಬಿಡೋದಾದ್ರೆ ರಂಜಕ 1 ಅಂತ ಆದೇಶ ಮಾಡಿತು. ಯುರೋಪಿನಲ್ಲಿ 1991ರಲ್ಲೇ, ಸೂಕ್ಷ್ಮ ಪ್ರದೇಶದ ದೊಡ್ಡ ಊರುಗಳಿಗೆ ಸಾರಜನಕ 10, ರಂಜಕ 1 ಅಂತ ನಿರ್ದೇಶನ ಬಂದಿತ್ತು. ಡೆನ್ಮಾರ್ಕ್ 1987ರಲ್ಲೇ ಸಾರಜನಕ 8, ರಂಜಕ 1.5 ಅಂತ ಹಾಕಿಕೊಂಡಿತ್ತು. ಎಎಸ್‌ಎಂ1 ಬಂದ ವರ್ಷವೂ ಅದೇ. ನಿಯಮ ಬಿಗಿಯಾದಾಗ ಗಣಿತ ಬೇಕಾಗುತ್ತೆ. ನಮ್ಮಲ್ಲಿ ಗಣಿತ ಬೇಡ ಅನ್ನೋ ಸೋಮಾರಿತನಕ್ಕೆ ನಿಯಮವನ್ನೇ ಸಡಿಲಿಸೋಕೆ ಹೊರಟರು.

ನಾಲ್ಕನೇ ಮಾತು ಹೊಚ್ಚ ಹೊಸದು. "ಅಯ್ಯೋ ಆ ಹಳೇ ಸಮೀಕರಣ ಯಾಕ್ರೀ, ಸೆನ್ಸರ್ ಹಾಕಿ ಎಐಗೆ ಡೇಟಾ ಕೊಟ್ರೆ ಅದೇ ನೋಡ್ಕೊಳ್ಳುತ್ತೆ." ನಮ್ಮ ಕ್ಷೇತ್ರದವರೇ ಇದನ್ನ ಮಾರ್ತಿರೋದು, ಆದ್ದರಿಂದ ನಾವೇ ಹೇಳಬೇಕು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು. ದ್ರವ್ಯ ಸಂರಕ್ಷಣೆ ಗೊತ್ತಿಲ್ಲದ ಕಪ್ಪು ಪೆಟ್ಟಿಗೆ, ಇಲ್ಲದ ಸಾರಜನಕವನ್ನ ಹುಟ್ಟಿಸಬಹುದು, ಇರೋದನ್ನ ಮಾಯ ಮಾಡಬಹುದು, ಅದಕ್ಕೆ ನಾಚಿಕೆ ಇಲ್ಲ. ಅದು ಕಲಿಯೋದು ಹಿಂದೆ ನಡೆದದ್ದರಿಂದ. ಗಾಳಿ ನಿಲ್ಲಿಸಿದ ಒಂದು ದಿನವನ್ನೂ ನೋಡಿರದ ಎಸ್‌ಟಿಪಿಯ ಡೇಟಾದಿಂದ, ಗಾಳಿ ನಿಲ್ಲಿಸಿದ್ರೆ ಏನಾಗುತ್ತೆ ಅಂತ ಹೇಗೆ ಕಲಿಯುತ್ತೆ? ಸಮೀಕರಣದ ಮೇಲೆ ಎಐ ಕೂರಿಸಿ, ನನ್ನ ತಕರಾರಿಲ್ಲ. ಸಮೀಕರಣದ ಬದಲು ಕೂರಿಸಬೇಡಿ.

ಮಾಡೆಲ್ಲಿನ ಹೆಸರಲ್ಲೂ ಮೋಸ ಮಾಡಬಹುದು ಅನ್ನೋದನ್ನ ಮುಚ್ಚಿಡಲ್ಲ. ಮೂರು ಸ್ಯಾಂಪಲ್ ಇಟ್ಕೊಂಡು ಹತ್ತು ತಿರುಪು ತಿರುಗಿಸಿದ್ರೆ ಯಾವ ಗ್ರಾಫ್ ಬೇಕಾದ್ರೂ ಕೂರಿಸಬಹುದು. ಕನ್ಸಲ್ಟೆಂಟ್ ರಿಪೋರ್ಟಿನ ಕೊನೆಯಲ್ಲಿ ಬಣ್ಣದ ಗ್ರಾಫ್ ಅಂಟಿಸಿ ಬಿಲ್ ಮಾಡಬಹುದು. ಅದಕ್ಕೇ ನಾನು ಕೇಳೋದು ಬರೀ "ಮಾಡೆಲ್ ಮಾಡಿ" ಅಂತ ಅಲ್ಲ. ಒಂದು, ಎಸ್‌ಟಿಪಿ ಟೆಂಡರಿನಲ್ಲಿ "ಎಸ್‌ಬಿಆರ್ ಬೇಕು, ಎಂಬಿಆರ್ ಬೇಕು" ಅಂತ ಬ್ರಾಂಡ್ ಹೆಸರು ಹಾಕೋ ಬದಲು ಹೊರಗೆ ಬರೋ ನೀರಿನ ಸಾರಜನಕ, ರಂಜಕ ಹಾಕಿ, ಅದನ್ನ ಮುಟ್ಟೋದನ್ನ ಮಾಡೆಲ್ಲಿನಲ್ಲಿ ತೋರಿಸಿ ಅನ್ನಿ. ಎರಡು, ಕಟ್ಟಡದ ಕೀಲಿ ಜೊತೆ ಮಾಡೆಲ್ಲಿನ ಫೈಲನ್ನೂ ಜಲಮಂಡಳಿ ಕೈಗೆ ಕೊಡಲಿ. ಪಿಡಿಎಫ್ ಅಲ್ಲ, ಓಡಿಸೋಕೆ ಬರೋ ಫೈಲು. ಮೂರು, ಹಗಲು ರಾತ್ರಿಯ ಸ್ಯಾಂಪಲ್ ಡೇಟಾ ಸಾರ್ವಜನಿಕರಿಗೆ ಸಿಗಲಿ. ಅರ್ಧ ಡೇಟಾದಲ್ಲಿ ಮಾಡೆಲ್ ಕೂರಿಸಿ, ಇನ್ನರ್ಧದಲ್ಲಿ ಅದು ನಿಜ ಹೇಳುತ್ತಾ ಅಂತ ಯಾರು ಬೇಕಾದ್ರೂ ಪರೀಕ್ಷೆ ಮಾಡಲಿ. ನಾಲ್ಕು, ಎಸ್‌ಟಿಪಿ ಒಳಗೆ ಹನ್ನೆರಡು ಗಂಟೆ ಶಿಫ್ಟ್ ಮಾಡೋ ಆಪರೇಟರಿಗೆ ಕನ್ನಡದಲ್ಲಿ ಒಂದು ಸಿಮ್ಯುಲೇಟರ್ ಸಿಗಲಿ. ಪೈಲಟ್ಟಿಗೆ ಕೊಡ್ತೀವಿ, ಇವನಿಗೆ ಯಾಕೆ ಬೇಡ? ವಾಲ್ವ್ ತಿರುಗಿಸಿದ್ರೆ ನಾಳೆ ಏನಾಗುತ್ತೆ ಅಂತ ನೋಡೋ ಹಕ್ಕು ಅವನಿಗಿಲ್ವಾ?

ಇದೆಲ್ಲಾ ಯಾರಿಗೋಸ್ಕರ ಅಂತ ಕೇಳಿದ್ರೆ, ಬೆಳ್ಳಂದೂರಿನ ಫ್ಲಾಟ್ ರೇಟಿಗೋಸ್ಕರ ಅಲ್ಲ. ಬೆಳ್ಳಂದೂರಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಅಲ್ಲಿಂದ ಹೊಸೂರಿನ ಕೆಲವರಪಳ್ಳಿ ಜಲಾಶಯ. ನಮ್ಮ ನೊರೆ ಅಲ್ಲಿನ ರೈತರ ಕಾಲಿಗೆ ತಾಗುತ್ತೆ. ಇನ್ನೊಂದು ಕಡೆ ಕೋಲಾರ. ಕೆಸಿ ವ್ಯಾಲಿ ಯೋಜನೆಯಲ್ಲಿ 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನಮ್ಮ ಶುದ್ಧೀಕರಿಸಿದ ನೀರು ಹರಿಯಿತು. ಸಾವಿರ ಅಡಿ ಕೊರೆದರೂ ನೀರು ಕಾಣದ ಜಿಲ್ಲೆಗೆ ಕೆರೆ ತುಂಬಿದ್ದು ಸಣ್ಣ ವಿಷಯ ಅಲ್ಲ. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಸಾಕಾ ಅಂತ ಅಲ್ಲಿನವರು ಕೇಳಿದರು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಹೊಲಕ್ಕೆ ನೇರವಾಗಿ ಹಾಯಿಸೋ ನೀರಲ್ಲಿ ಸಾರಜನಕ ಇದ್ರೆ ಅದು ರೈತನಿಗೆ ಲಾಭವೇ, ಯೂರಿಯಾ ಉಳಿಯುತ್ತೆ. ಆದ್ರೆ ಕೆರೆ ತುಂಬಿಸಿ ಅಂತರ್ಜಲಕ್ಕೆ ಇಂಗಿಸೋದಾದ್ರೆ ಲೆಕ್ಕ ಬೇರೆ. ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದು ಅನ್ನೋದು ನಮ್ಮ ದೇಶದ ಮಾನದಂಡ. ಸಾರಜನಕದ ಲೆಕ್ಕದಲ್ಲಿ ಅದು ಸುಮಾರು 10. ನಾನು ಮೇಲೆ ಉದಾಹರಣೆಗೆ ತಗೊಂಡ 40 ಮಿ.ಗ್ರಾಂ ಸಾರಜನಕ ಪೂರ್ತಿ ನೈಟ್ರೇಟ್ ಆದ್ರೆ ಅದು 177! ಎಳೆ ಕೂಸುಗಳಿಗೆ ಹೆಚ್ಚು ನೈಟ್ರೇಟ್ ಯಾಕೆ ಅಪಾಯ ಅಂತ ಮಕ್ಕಳ ಡಾಕ್ಟರನ್ನ ಕೇಳಿ, ರಕ್ತ ಆಮ್ಲಜನಕ ಹೊರೋ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುತ್ತೆ. ಮಣ್ಣು, ಕೆರೆ ಎಷ್ಟೋ ನೈಟ್ರೇಟನ್ನ ದಾರಿಯಲ್ಲೇ ಹಿಡಿಯುತ್ತೆ ನಿಜ. ಎಷ್ಟು ಹಿಡಿಯುತ್ತೆ ಅನ್ನೋದನ್ನೂ ಲೆಕ್ಕ ಹಾಕಬೇಕಲ್ವಾ? "ಏನೂ ಆಗಲ್ಲ" ಅನ್ನೋದು ಲೆಕ್ಕ ಅಲ್ಲ. "ಎಲ್ಲಾ ವಿಷ" ಅನ್ನೋದೂ ಲೆಕ್ಕ ಅಲ್ಲ. ಈ ಎರಡು ಕೂಗಿನ ಮಧ್ಯೆ ಕೋಲಾರದ ಮನುಷ್ಯನಿಗೆ ನಾವು ಕೊಡಬೇಕಾಗಿರೋದು ಒಂದು ಅಂಕಿ, ಅದರ ಹಿಂದಿನ ಲೆಕ್ಕ.

ಇನ್ನು ನಮ್ಮ ಸರದಿ. ಎಎಸ್‌ಎಂ1ರ ಮೇಲೆ ಕಟ್ಟಿದ ಬೆಂಚ್‌ಮಾರ್ಕ್ ಒಂದಿದೆ, ಬಿಎಸ್‌ಎಂ1 ಅಂತ. ಐದು ತೊಟ್ಟಿ (ಎರಡಕ್ಕೆ ಗಾಳಿ ಇಲ್ಲ, ಮೂರಕ್ಕೆ ಇದೆ), ಒಂದು ಕೆಸರು ಇಳಿಸೋ ತೊಟ್ಟಿ, 14 ದಿನದ ನೀರಿನ ಡೇಟಾ 15 ನಿಮಿಷಕ್ಕೊಂದರಂತೆ, ಬಿಸಿಲಿಗೊಂದು, ಮಳೆಗೊಂದು, ಬಿರುಗಾಳಿ ಮಳೆಗೊಂದು ಫೈಲು. ಪೈಥಾನಿನಲ್ಲಿ ಬರೆದ ಕ್ಯೂಎಸ್‌ಡಿಸ್ಯಾನ್ ಥರದ ಓಪನ್ ಸೋರ್ಸ್ ಸಾಮಾನೂ ಇದೆ. ನಮ್ಮಲ್ಲಿ ಯೂನಿಕೋಡಿಗೋಸ್ಕರ ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದೋರಿದ್ದಾರೆ, ಕೀಬೋರ್ಡ್ ಬರೆದೋರಿದ್ದಾರೆ, ನಿಘಂಟು ಮಾಡಿದೋರಿದ್ದಾರೆ. ಯಾರೂ ದುಡ್ಡು ಕೊಟ್ಟಿರಲಿಲ್ಲ. ಅದೇ ಹಠದಲ್ಲಿ ಒಂದು ಭಾನುವಾರ ಇದನ್ನ ಡೌನ್‌ಲೋಡ್ ಮಾಡಿ ಓಡಿಸಿ. ವಾಪಸಾತಿ ಪಂಪನ್ನ ಹೆಚ್ಚು ಮಾಡಿ, ಕಡಿಮೆ ಮಾಡಿ, ಗಾಳಿ ನಿಲ್ಲಿಸಿ, ನೈಟ್ರೇಟ್ ಗ್ರಾಫ್ ಏರೋದು ಇಳಿಯೋದು ನೋಡಿ. ಆಮೇಲೆ ನಿಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಇಳಿದು ಹೋಗಿ ನಾನು ಕೇಳಿದ ಪ್ರಶ್ನೆಯನ್ನೇ ಕೇಳಿ. ಒಬ್ಬ ಕೇಳಿದ್ರೆ ನಗ್ತಾರೆ. ಹತ್ತು ಅಪಾರ್ಟ್‌ಮೆಂಟಿನಲ್ಲಿ ಹತ್ತು ಜನ ಕೇಳಿದ್ರೆ ಮುಂದಿನ ತಿಂಗಳ ರಿಪೋರ್ಟಿನಲ್ಲಿ ನೈಟ್ರೇಟಿಗೊಂದು ಕಾಲಮ್ ಬರುತ್ತೆ. ಅಷ್ಟು ಬಂದ್ರೆ ಮಾಡೆಲ್ಲಿಗೆ ಮೊದಲ ಅಂಕಿ ಸಿಕ್ಕ ಹಾಗೆ.

ಒಪ್ಪದೇ ಇರೋರು ದಯವಿಟ್ಟು ಜಗಳಕ್ಕೆ ಬನ್ನಿ. ಆದ್ರೆ ಬರೋವಾಗ ಅಂಕಿ ತಗೊಂಡು ಬನ್ನಿ :)